ಅಮೆರಿಕದಲ್ಲಿ ವೋಟು ಇರೋ ಕನ್ನಡದವರಿಗೆ, ಕಾರ್ಟರ್‌ಗೆ ವೋಟು ಹಾಕದವನ ಒಂದು ಪತ್ರ

ಎಲ್ಲರಿಗೂ ನಮಸ್ಕಾರ,

2025ರ ನವೆಂಬರಲ್ಲಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಊಟದ ಕ್ಯೂನಲ್ಲಿ ನಿಂತಿದ್ದೆ. ಕೈಯಲ್ಲಿ ಪೇಪರ್ ಪ್ಲೇಟು, ಮುಂದೆ ಬಿಸಿಬೇಳೆಬಾತ್ ಪಾತ್ರೆ ಹತ್ರ ಯಾರೋ ಸೌಟು ಹುಡುಕ್ತಾ ಇದ್ರು, ನನ್ನ ಹಿಂದೆ ಮೂವತ್ತೈದರ ಒಬ್ಬ ಹುಡುಗ, ಒಳ್ಳೇ ಹುಡುಗ, ಸಿಟಿಜನ್ ಆಗಿ ಎರಡು ವರ್ಷ ಆಗಿದೆ ಅಷ್ಟೆ, ಮಾತಿಗೆ ಮಾತು ಬಂದು "ಅಂಕಲ್, ಏನೇ ಹೇಳಿ, ಪ್ರೆಸಿಡೆಂಟ್ ಅಂದ್ರೆ ಗಟ್ಟಿ ಇರ್ಬೇಕು, ನಿಮ್ಮ ಕಾಲದಲ್ಲಿ ಒಬ್ರಿದ್ರಲ್ಲ ಕಾರ್ಟರ್ ಅಂತ, ಆ ಥರ ಪುಕ್ಕಲು ಆದ್ರೆ ಇಡೀ ಪ್ರಪಂಚ ನಮ್ಮ ತಲೆ ಮೇಲೆ ಕೂರುತ್ತೆ" ಅಂದ. ಅಷ್ಟರಲ್ಲಿ ಸೌಟು ಸಿಕ್ತು, ಕ್ಯೂ ಮುಂದೆ ಹೋಯ್ತು, ಅವನು ಮೊಸರನ್ನದ ಕಡೆ ಹೋದ, ಮಾತು ಅಲ್ಲಿಗೇ ನಿಂತುಹೋಯ್ತು. ಮನೆಗೆ ಬಂದ್ಮೇಲೂ ಅದೇ ಕೊರೀತಾ ಇತ್ತು. 2026ರ ನವೆಂಬರ್‌ಗೆ ಮಿಡ್‌ಟರ್ಮ್ ಚುನಾವಣೆ ಬೇರೆ ಬರ್ತಾ ಇದೆ, ಅದಕ್ಕೇ ಅವನೊಬ್ಬನಿಗೆ ಹೇಳೋದನ್ನ ನಿಮ್ಮೆಲ್ಲರಿಗೂ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ವಯಸ್ಸಾದವನು, ಸಹಿಸ್ಕೊಳಿ.

ಮೊದ್ಲೇ ಒಪ್ಕೊಂಡುಬಿಡ್ತೀನಿ. ನಾನೂ, 1977ರಿಂದ 1981ರವರೆಗೆ ಅಧ್ಯಕ್ಷರಾಗಿದ್ದ ಆ ಜಿಮ್ಮಿ ಕಾರ್ಟರ್‌ಗೆ ವೋಟು ಹಾಕ್ಲಿಲ್ಲ. ಈ ದೇಶದಲ್ಲಿ ನಾನು ಹಾಕಿದ ಮೊದಲ ವೋಟು 1980ರ ನವೆಂಬರ್ 4ಕ್ಕೆ, ಅವರ ಎದುರಾಳಿ ರೇಗನ್‌ಗೆ. ಆವತ್ತು ಆ ಹುಡುಗ ಹೇಳಿದ್ನಲ್ಲ, ಗಟ್ಟಿ ಇರ್ಬೇಕು ಅಂತ, ಅಕ್ಷರಕ್ಷರ ಅದೇ ಮಾತನ್ನ ನಾನು ಆಫೀಸಲ್ಲಿ ಊಟದ ಟೇಬಲ್ ಮೇಲೆ ಹೇಳ್ತಿದ್ದೆ.

ನಾನು ತಿಪಟೂರಿಂದ ಇಲ್ಲಿಗೆ ಬಂದದ್ದು 1973ರಲ್ಲಿ. 1965ರ ಕಾನೂನು ಬಂದ್ಮೇಲೆ ಇಂಜಿನಿಯರ್‌ಗಳಿಗೆ ಊರಲ್ಲಿದ್ದಾಗ್ಲೇ ಗ್ರೀನ್ ಕಾರ್ಡ್ ಕೊಟ್ಟು ಕಳಿಸ್ತಿದ್ದ ಕಾಲ ಅದು, ಈಗ ಹೇಳಿದ್ರೆ ಮಕ್ಕಳು ನಂಬಲ್ಲ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಸಣ್ಣ ಅಪಾರ್ಟ್‌ಮೆಂಟು, ಒಂದು ಹಳೇ ಡಾಡ್ಜ್ ಡಾರ್ಟ್ ಕಾರು. 1979ರ ಜೂನ್ ತಿಂಗಳು ಆ ಕಾರಿನ ಜೊತೆ ನಾನು ಪಟ್ಟ ಪಾಡು ಹೇಳ್ತೀನಿ ಕೇಳಿ. ಇರಾನ್‌ನಲ್ಲಿ ಎಣ್ಣೆ ಕೆಲಸಗಾರರು ಸ್ಟ್ರೈಕ್ ಮಾಡಿ, ಅಲ್ಲಿನ ರಾಜ ಶಾ ದೇಶ ಬಿಟ್ಟು ಓಡಿ, ಧರ್ಮಗುರು ಖೊಮೇನಿ ಬಂದು ಕೂತಿದ್ರು. ನಿಜ ಹೇಳ್ಬೇಕಂದ್ರೆ ಇಡೀ ಪ್ರಪಂಚದ ಲೆಕ್ಕದಲ್ಲಿ ಕಮ್ಮಿ ಆದ ಎಣ್ಣೆ ಅಷ್ಟೇನಿಲ್ಲ, ಆದ್ರೆ ಎಲ್ರೂ ಗಾಬರಿ ಬಿದ್ದು ಟ್ಯಾಂಕ್ ತುಂಬಿಸಿಟ್ಕೊಳ್ಳೋಕೆ ಶುರು ಮಾಡಿದ್ರು, ಅದ್ರ ಮೇಲೆ ಯಾವ ಊರಿಗೆ ಎಷ್ಟು ಗ್ಯಾಸ್ (ಇಲ್ಲಿ ಪೆಟ್ರೋಲಿಗೆ ಹಾಗಂತಾರೆ) ಅಂತ ಸರ್ಕಾರದ ಹಳೇ ಹಂಚಿಕೆ ರೂಲ್ಸು ಬೇರೆ, ಒಂದು ಕಡೆ ತುಂಬಿ ತುಳುಕ್ತಿತ್ತು, ಇನ್ನೊಂದು ಕಡೆ ಖಾಲಿ. ನಮ್ಮ ಸ್ಟೇಟಲ್ಲಿ ಸಮ-ಬೆಸ ಪದ್ಧತಿ ತಂದ್ರು, ನಂಬರ್ ಪ್ಲೇಟಿನ ಕೊನೇ ಅಂಕಿ ಬೆಸ ಆದ್ರೆ ಬೆಸ ತಾರೀಖು, ಸಮ ಆದ್ರೆ ಸಮ ತಾರೀಖು.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಫ್ಲಾಸ್ಕಲ್ಲಿ ಕಾಫಿ ತುಂಬ್ಕೊಂಡು ಹೋಗಿ ಕ್ಯೂನಲ್ಲಿ ಕಾರು ನಿಲ್ಸೋದು. ಇಂಜಿನ್ ಆಫ್ ಮಾಡಿ, ಮುಂದಿನ ಕಾರು ಒಂದು ಗಜ ಸರಿದ್ರೆ ಇಳಿದು ಕಾರನ್ನ ಕೈಯಲ್ಲಿ ತಳ್ಳೋದು, ಸ್ಟಾರ್ಟ್ ಮಾಡಿದ್ರೆ ಇದ್ದಬದ್ದ ಗ್ಯಾಸೂ ಹೋಗುತ್ತಲ್ಲ ಅಂತ. ಒಂದಿನ ಪಂಪಿನ ಹುಡುಗ ಉದ್ದಕ್ಕೂ ನಡ್ಕೊಂಡು ಬಂದು ಕಾರುಗಳನ್ನ ಎಣಿಸಿ, ನನ್ನ ಕಾರಿನ ಹಿಂದಿನ ಗಾಜಿಗೆ ಒಂದು ರಟ್ಟಿನ ಬೋರ್ಡು ಸಿಗಿಸಿದ, "ಲಾಸ್ಟ್ ಕಾರ್" ಅಂತ. ಅಂದ್ರೆ ನನ್ನ ಹಿಂದಿರೋರಿಗೆ ಇವತ್ತು ಇಲ್ಲ. ನನ್ನ ಹಿಂದೆ ಒಬ್ಬ ಹೆಂಗಸು, ನರ್ಸ್ ಡ್ರೆಸ್ಸಲ್ಲಿದ್ರು, ಒಂದೂವರೆ ಗಂಟೆಯಿಂದ ಅವರೂ ಕಾದಿದ್ರು. ಅವರು ಬೋರ್ಡ್ ನೋಡಿದ್ರು, ನನ್ನ ಮುಖ ನೋಡಿದ್ರು, ಒಂದು ಮಾತೂ ಆಡ್ದೆ ಕಾರು ತಿರುಗಿಸ್ಕೊಂಡು ಹೋದ್ರು. ನನಗೆ ಆವತ್ತು ಸಿಕ್ಕಿದ್ದು ಐದು ಡಾಲರ್‌ನಷ್ಟು. ವರ್ಷದ ಶುರುವಲ್ಲಿ ಗ್ಯಾಲನ್‌ಗೆ 65 ಸೆಂಟ್ ಆಸುಪಾಸಿದ್ದದ್ದು 1980ರ ಹೊತ್ತಿಗೆ ಡಾಲರ್ ದಾಟ್ತು, ಹಳೇ ಪಂಪುಗಳಲ್ಲಿ 99.9 ಸೆಂಟ್‌ಗಿಂತ ಮೇಲೆ ಅಂಕಿನೇ ಇರ್ಲಿಲ್ಲ, ಅದಕ್ಕೆ ಅರ್ಧ ರೇಟ್ ಇಟ್ಟು "ಬಂದ ಲೆಕ್ಕನ ಡಬಲ್ ಮಾಡ್ಕೊಳಿ" ಅಂತ ಚೀಟಿ ಅಂಟಿಸ್ತಿದ್ರು. ಇದನ್ನೆಲ್ಲ ಅಪ್ಪನಿಗೆ ನೀಲಿ ಏರೋಗ್ರಾಮಲ್ಲಿ ಬರೆದ್ರೆ ವಾಪಸ್ ಒಂದೇ ಸಾಲು ಕೇಳಿದ್ರು, "ಅಲ್ಲೂ ಸೊಸೈಟಿ ಮುಂದೆ ಡಬ್ಬ ಹಿಡ್ಕೊಂಡು ನಿಲ್ಬೇಕು ಅಂದ್ಮೇಲೆ ಅಷ್ಟು ದೂರ ಯಾಕಪ್ಪ ಹೋದೆ?"

ಅಂಥ ಕ್ಯೂ ನಿಂತು ನಿಂತು ಸಿಟ್ಟು ಯಾರ ಮೇಲೆ ಬರುತ್ತೆ? ಅಲ್ಲಿ ವೈಟ್‌ಹೌಸಲ್ಲಿ ಕೂತಿರೋನ ಮೇಲೆ.

ಆ ಮನುಷ್ಯ 1979ರ ಜುಲೈ 15, ಭಾನುವಾರ ರಾತ್ರಿ ಹತ್ತು ಗಂಟೆಗೆ ಟೀವಿಯಲ್ಲಿ ಬಂದ್ರು. ಅದಕ್ಕೆ ಮುಂಚೆ ಒಂದು ಭಾಷಣ ಕ್ಯಾನ್ಸಲ್ ಮಾಡಿ ಹತ್ತು ದಿನ ಅಧ್ಯಕ್ಷರ ವಿಶ್ರಾಂತಿ ತಾಣ ಕ್ಯಾಂಪ್ ಡೇವಿಡ್ ಬೆಟ್ಟದ ಮೇಲೆ ಕೂತ್ಕೊಂಡು ಪಾದ್ರಿಗಳು, ಗವರ್ನರ್‌ಗಳು, ಯೂನಿಯನ್‌ನೋರು, ಸಾಮಾನ್ಯ ಜನ ಎಲ್ಲರನ್ನೂ ಕರೆಸಿ ಬೈಸ್ಕೊಂಡಿದ್ರು, ಆ ಬೈಗುಳನೆಲ್ಲ ನೋಟ್‌ಬುಕ್ಕಲ್ಲಿ ಬರ್ಕೊಂಡು ಬಂದು ದೇಶದ ಮುಂದೆ ಓದಿದ್ರು. ಮಿಸ್ಟರ್ ಪ್ರೆಸಿಡೆಂಟ್, ನೀವು ದೇಶ ಮುನ್ನಡೆಸ್ತಾ ಇಲ್ಲ, ಬರೀ ಸರ್ಕಾರ ಸಂಭಾಳಿಸ್ತಾ ಇದೀರಿ ಅಂತ ಒಬ್ಬ ಗವರ್ನರ್ ಹೇಳಿದ್ದನ್ನ ಅವರ ಬಾಯಲ್ಲೇ ಕೇಳಿದೆ ನಾನು. ಯಾವ ಅಧ್ಯಕ್ಷ ಹಾಗೆ ಓದ್ತಾನೆ ಹೇಳಿ? ಆಮೇಲೆ ಜನರ ಕಡೆ ತಿರುಗಿ ನಾವು ವಸ್ತು ಕೊಳ್ಳೋದನ್ನೇ ದೇವರು ಮಾಡ್ಕೊಂಡಿದೀವಿ ಅಂದ್ರು, ವಾರಕ್ಕೆ ಒಂದಿನ ಕಾರು ಮನೇಲಿ ಬಿಡಿ, ಸ್ಪೀಡ್ ಲಿಮಿಟ್ ಮೀರ್ಬೇಡಿ, ಥರ್ಮೋಸ್ಟಾಟ್ ಇಳಿಸಿ, 1977ರಲ್ಲಿ ತರಿಸಿದ್ದಕ್ಕಿಂತ ಒಂದು ಹನಿ ಜಾಸ್ತಿ ಎಣ್ಣೆ ಹೊರಗಿಂದ ಇನ್ಮೇಲೆ ತರಿಸಲ್ಲ ಅಂದ್ರು.

ಈ ಭಾಷಣಕ್ಕೆ ಆಮೇಲೆ ಪತ್ರಿಕೆಯವರು "ಮಲೈಸ್ ಸ್ಪೀಚ್" ಅಂತ ಹೆಸರಿಟ್ರು, ಮಲೈಸ್ ಅಂದ್ರೆ ಒಳಗೊಳಗೇ ಕುಗ್ಗಿದ ಮನಸ್ಥಿತಿ, ಆ ಪದ ಇಡೀ ಭಾಷಣದಲ್ಲಿ ಎಲ್ಲೂ ಇಲ್ಲ. ಜನಕ್ಕೆ ಹಿಡಿಸ್ಲಿಲ್ಲ ಅನ್ನೋದೂ ಸುಳ್ಳು, ಮಾರನೇ ದಿನ ಅವರ ರೇಟಿಂಗ್ 11 ಪಾಯಿಂಟ್ ಏರ್ತು. ನಾನೂ ಆ ವಾರ ಪಕ್ಕದ ಮನೆಯವನ ಜೊತೆ ಒಂದೇ ಕಾರಲ್ಲಿ ಆಫೀಸಿಗೆ ಹೋದೆ. ಕೆಟ್ಟಿದ್ದು ಎರಡೇ ದಿನಕ್ಕೆ, ಅದನ್ನ ಅವರೇ ಕೆಡಿಸ್ಕೊಂಡ್ರು. ಜುಲೈ 17ಕ್ಕೆ ಇಡೀ ಕ್ಯಾಬಿನೆಟ್ಟಿನ ರಾಜೀನಾಮೆ ಕೇಳಿದ್ರು, ಐದು ಜನ ಮಂತ್ರಿಗಳು ಹೋದ್ರು. ಇದೇನಪ್ಪ ಸರ್ಕಾರನೇ ಬಿದ್ದುಹೋಯ್ತಾ ಅಂತ ನಮಗೆಲ್ಲ ಅನ್ನಿಸ್ಬಿಡ್ತು. ಹಿರಿಯರು ಮನೆಮಂದಿನೆಲ್ಲ ಕೂರಿಸ್ಕೊಂಡು ಧೈರ್ಯವಾಗಿರಿ ಅಂತ ಬುದ್ಧಿ ಹೇಳಿ, ಮಾರನೇ ದಿನ ಬೆಳಿಗ್ಗೆ ತಾವೇ ಪಾತ್ರೆ ಎತ್ತಿ ಎಸೆದ್ರೆ ಹೇಗಿರುತ್ತೆ, ಹಾಗೆ. ಇದನ್ನ ನಾನು ಅವರ ತಪ್ಪು ಅಂತಾನೇ ಲೆಕ್ಕ ಹಾಕ್ತೀನಿ.

ಆದ್ರೆ ಕಥೆ ಇಲ್ಲೇ ಒಂದು ತಿರುವು ತಗೊಳ್ಳುತ್ತೆ ನೋಡಿ, ಇದು ಆವತ್ತು ನನಗೆ ಗೊತ್ತೇ ಆಗ್ಲಿಲ್ಲ. ಹೋದ ಐವರಲ್ಲಿ ಹಣಕಾಸು ಮಂತ್ರಿ ಬ್ಲೂಮೆಂಥಾಲ್ ಒಬ್ರು. ಆ ಜಾಗಕ್ಕೆ ಇಲ್ಲಿನ ರಿಸರ್ವ್ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನಲ್ಲಿದ್ದ ಮಿಲ್ಲರ್ ಅವರನ್ನ ತಂದ್ರು. ಆಗ ಫೆಡ್‌ನ ಕುರ್ಚಿ ಖಾಲಿ ಆಯ್ತು. ಅದಕ್ಕೆ ಪಾಲ್ ವೋಲ್ಕರ್ ಅಂತ ಆರಡಿ ಏಳಿಂಚಿನ, ಬಾಯಲ್ಲಿ ಯಾವಾಗ್ಲೂ ಸಿಗಾರ್ ಇರೋ ಮನುಷ್ಯ, ನಮ್ಮ ನ್ಯೂಜೆರ್ಸಿಯ ಟೀನೆಕ್‌ನಲ್ಲಿ ಬೆಳೆದೋರು, ಅವರನ್ನ ಕರೆಸಿದ್ರು. ವೋಲ್ಕರ್ ಕಾರ್ಟರ್ ಮುಂದೆ ಕೂತು, ಪಕ್ಕದಲ್ಲೇ ಇದ್ದ ಮಿಲ್ಲರ್ ಕಡೆ ಕೈ ತೋರಿಸಿ ನಾನು ಇವರಿಗಿಂತ ಬಿಗಿ ಪಾಲಿಸಿ ಮಾಡೋನು ಅಂತ ಮುಖಕ್ಕೇ ಹೇಳಿದ್ರು. ಅಂದ್ರೆ ಬಡ್ಡಿ ಏರಿಸ್ತೀನಿ, ಜನಕ್ಕೆ ನೋವಾಗುತ್ತೆ, ನಿಮಗೆ ವೋಟು ಹೋಗುತ್ತೆ ಅಂತ. ಚುನಾವಣೆಗೆ ಹದಿನೈದು ತಿಂಗಳು ಇತ್ತು ಅಷ್ಟೆ. ಅಂಥವರನ್ನ ಕರ್ಕೊಂಡು ಬಂದು ಕೂರಿಸಿದ್ದು ಆ ಪುಕ್ಕಲು ಅಧ್ಯಕ್ಷನೇ, 1979ರ ಆಗಸ್ಟಲ್ಲಿ.

ಆಮೇಲಿನದ್ದು ನಮ್ಮ ತಲೆಮಾರಿನೋರಿಗೆ ಚೆನ್ನಾಗಿ ನೆನಪಿರುತ್ತೆ. 1980ರಲ್ಲಿ ಹಣದುಬ್ಬರ 13.5 ಪರ್ಸೆಂಟ್, ಬ್ಯಾಂಕುಗಳು ಒಳ್ಳೇ ಗಿರಾಕಿಗಳಿಗೆ ಹಾಕೋ ಬಡ್ಡಿ, ಅಂದ್ರೆ ಪ್ರೈಮ್ ರೇಟ್, ಆ ಡಿಸೆಂಬರಲ್ಲಿ 21.5 ಪರ್ಸೆಂಟ್. ಮನೆ ಕಟ್ಟೋ ಬಿಲ್ಡರ್‌ಗಳು ಸಾಲ ಸಿಗ್ದೆ, ಇನ್ನೇನು ಕಟ್ಟೋದು ಅಂತ ಮರದ ತುಂಡುಗಳನ್ನ ಪೋಸ್ಟಲ್ಲಿ ವೋಲ್ಕರ್‌ಗೆ ಕಳಿಸಿದ್ರು. ಆ ಮಾರ್ಚ್‌ನಲ್ಲಿ ಕಾರ್ಟರ್ ಸಾಲಕ್ಕೆ ಕಡಿವಾಣ ಹಾಕ್ತೀವಿ ಅಂದಾಗ ಜನ ಕ್ರೆಡಿಟ್ ಕಾರ್ಡ್ ಕತ್ತರಿಸಿ ವೈಟ್‌ಹೌಸಿಗೆ ಕಳಿಸಿದ್ರು, ವ್ಯಾಪಾರ ದಡಕ್ಕನೆ ಕುಸೀತು, ಜುಲೈಗೆ ಅದನ್ನ ವಾಪಸ್ ತಗೋಬೇಕಾಯ್ತು. ಚುನಾವಣೆಗೆ ಒಂದು ತಿಂಗಳಿರುವಾಗ ಕಾರ್ಟರ್ ಕೂಡ ಫೆಡ್ ಮಾಡ್ತಿರೋದು ಸರಿ ಇಲ್ಲ ಅಂತ ಒಮ್ಮೆ ಗೊಣಗಿದ್ರು, ಮನುಷ್ಯನೇ ಅಲ್ವಾ, ಆದ್ರೆ ಕೈ ಹಾಕ್ಲಿಲ್ಲ.

ನನ್ನ ಕಂಪನಿಯ ಡ್ರಾಯಿಂಗ್ ಸೆಕ್ಷನ್ 1982ರಲ್ಲಿ ಮುಚ್ತು, ಏಳು ತಿಂಗಳು ಮನೇಲಿ ಕೂತೆ, ನನ್ನ ಹೆಂಡತಿ ಒಂದು ಲ್ಯಾಬಲ್ಲಿ ಕೆಲಸ ಮಾಡ್ತಿದ್ಲು, ಅವಳ ಸಂಬಳದಲ್ಲೇ ಮನೆ ನಡೀತು. ಆಗ ದೇಶದ ನಿರುದ್ಯೋಗ 10.8 ಪರ್ಸೆಂಟ್ ಮುಟ್ಟಿತ್ತು, ಅಷ್ಟೊತ್ತಿಗೆ ಅಧ್ಯಕ್ಷರು ರೇಗನ್. ನ್ಯಾಯವಾಗಿ ಹೇಳ್ಬೇಕು, ರೇಗನ್ನೂ ವೋಲ್ಕರ್ ಅವರನ್ನ ತೆಗೀಲಿಲ್ಲ, ಬೈಸ್ಕೊಂಡು ತಡ್ಕೊಂಡ್ರು, 1983ರಲ್ಲಿ ಇನ್ನೊಂದು ಅವಧಿ ಕೊಟ್ರು. ಆ ವರ್ಷ ಹಣದುಬ್ಬರ 3.2ಕ್ಕೆ ಇಳೀತು. 1984ರಲ್ಲಿ ರೇಗನ್ 49 ಸ್ಟೇಟ್ ಗೆದ್ರು. ಉತ್ತವನೊಬ್ಬ, ಬಿತ್ತಿದವನೊಬ್ಬ, ಕಣದ ರಾಶಿ ಹೊತ್ಕೊಂಡು ಹೋದವನು ಮೂರನೇಯವನು ಅಂತ ನಮ್ಮ ಕಡೆ ರಾಗಿ ಹೊಲದಲ್ಲಿ ನೋಡಿದ್ದೆ, ಇಲ್ಲೂ ಅದೇ ಆಯ್ತು, ನಾನಂತೂ ಆ ರಾಶಿಗೆ ಕೈ ಮುಗಿದೆ.

ಇನ್ನು ಇರಾನ್ ವಿಷಯ. ಇಲ್ಲಿ ನಾನು ಕಾರ್ಟರ್ ವಕೀಲ ಅಲ್ಲ. 1977ರ ಡಿಸೆಂಬರ್ 31ರ ರಾತ್ರಿ ಟೆಹ್ರಾನಲ್ಲಿ ಶಾ ಜೊತೆ ಊಟಕ್ಕೆ ಕೂತು ಇರಾನ್ ಅಂದ್ರೆ ಈ ಗಲಾಟೆ ಪ್ರದೇಶದಲ್ಲಿ ಸ್ಥಿರತೆಯ ದ್ವೀಪ ಅಂತ ಹೊಗಳಿದ್ರು, ಒಂದು ವರ್ಷ ಹದಿನಾರು ದಿನಕ್ಕೆ ಆ ದ್ವೀಪ ಮುಳುಗ್ತು. ಅದೇ ಟ್ರಿಪ್ಪಲ್ಲಿ ಮಾರನೇ ದಿನ ದೆಹಲಿಗೆ ಬಂದಿದ್ರು, ಹರಿಯಾಣದ ಒಂದು ಹಳ್ಳಿಗೆ ಅವರ ಹೆಸರೇ ಇಟ್ರು, ಕಾರ್ಟರ್‌ಪುರಿ ಅಂತ. ಜೊತೆಗೆ ಮೈಕ್ ಆನ್ ಇರೋದು ಗೊತ್ತಿಲ್ದೆ ತಾರಾಪುರ ಅಣು ಸ್ಥಾವರದ ಯುರೇನಿಯಂ ಬಗ್ಗೆ ಮೊರಾರ್ಜಿ ದೇಸಾಯಿಗೆ ಒಂದು ಖಡಕ್ ಪತ್ರ ಬರೀಬೇಕು ಅಂತ ತಮ್ಮ ಮಂತ್ರಿಗೆ ಹೇಳಿ ಸಿಕ್ಹಾಕ್ಕೊಂಡ್ರು. ಮೆತ್ತಗಿದ್ರು ಅಂತೀರಲ್ಲ, ನಮ್ಮವರ ಹತ್ರ ಅಷ್ಟೇನೂ ಮೆತ್ತಗಿರ್ಲಿಲ್ಲ.

1979ರ ಅಕ್ಟೋಬರಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಅಂತ ಶಾ ಅವರನ್ನ ನ್ಯೂಯಾರ್ಕಿಗೆ ಬಿಟ್ಕೊಂಡ್ರು, ಬೇಡ ಅಂತ ಅವರ ಮನಸ್ಸೇ ಹೇಳ್ತಿತ್ತು, ಸುತ್ತ ಇದ್ದವರ ಒತ್ತಾಯಕ್ಕೆ ಒಪ್ಪಿದ್ರು. ಎರಡು ವಾರಕ್ಕೆ, ನವೆಂಬರ್ 4ಕ್ಕೆ, ಟೆಹ್ರಾನಿನ ಅಮೆರಿಕನ್ ಎಂಬೆಸಿಗೆ ಅಲ್ಲಿನ ವಿದ್ಯಾರ್ಥಿಗಳು ನುಗ್ಗಿದ್ರು, 52 ಜನ 444 ದಿನ ಒತ್ತೆಯಾಳು. ದಿನಾ ರಾತ್ರಿ ಟೀವಿ ನ್ಯೂಸು ಇವತ್ತು ಇಷ್ಟನೇ ದಿನ ಅಂತ ಎಣಿಸಿ ಮುಗಿಸೋದು. ಆ ಚಳಿಗಾಲದಲ್ಲಿ ಒಂದು ಅಂಗಡಿ ಪಾರ್ಕಿಂಗ್ ಲಾಟಲ್ಲಿ ನಾನು ಹಾಲಿನ ಡಬ್ಬ ಹಿಡ್ಕೊಂಡು ಬರ್ತಿದ್ರೆ ಪಿಕಪ್ ಟ್ರಕ್ಕಿಂದ ಒಬ್ಬ ಇರಾನಿಯನ್ನೇ, ಮನೆಗೆ ಹೋಗು ಅಂತ ಕೂಗಿ ಏನೋ ಎಸೆದ, ನಾನು ಇಂಡಿಯನ್ನಪ್ಪ ಅಂತ ಹೇಳೋಷ್ಟು ಪುರುಸೊತ್ತೂ ಕೊಡ್ಲಿಲ್ಲ. ಅದರ ಸಿಟ್ಟನ್ನೂ ನಾನು ಕಾರ್ಟರ್ ಲೆಕ್ಕಕ್ಕೇ ಬರೆದೆ. 1980ರ ಏಪ್ರಿಲಲ್ಲಿ ಬಿಡಿಸ್ಕೊಂಡು ಬರೋಕೆ ಎಂಟು ಹೆಲಿಕಾಪ್ಟರ್ ಕಳಿಸಿದ್ರು, ಕಮ್ಮಿ ಅಂದ್ರೂ ಆರು ಬೇಕಿತ್ತು, ಧೂಳಿನ ಬಿರುಗಾಳಿ, ರಿಪೇರಿ ಎಲ್ಲಾ ಸೇರಿ ಐದೇ ಉಳೀತು, ವಾಪಸ್ ಹೊರಡೋವಾಗ ಒಂದು ಹೋಗಿ ವಿಮಾನಕ್ಕೆ ಡಿಕ್ಕಿ ಹೊಡೆದು ಎಂಟು ಜನ ಸತ್ರು. ಬೆಳಿಗ್ಗೆ ಟೀವಿ ಮುಂದೆ ಬಂದು ಇದು ನನ್ನ ತೀರ್ಮಾನ, ಜವಾಬ್ದಾರಿ ನನ್ನದೇ ಅಂದ್ರು. ಆ ಮಾತು ಆವತ್ತು ನನಗೆ ಸೋತವನ ಮಾತಿನ ಥರ ಕೇಳಿಸ್ತು. ಈಗ ಹಳೇ ವಿಡಿಯೋ ನೋಡಿದ್ರೆ, ಅಧ್ಯಕ್ಷನೊಬ್ಬ ತಪ್ಪು ನನ್ನದು ಅಂದದ್ದನ್ನ ಆಮೇಲೆ ಎಷ್ಟು ಸಲ ಕೇಳಿದೀನಿ ಅಂತ ಬೆರಳು ಮಡಚಬೇಕಾಗುತ್ತೆ.

ಒಂದು ಸಣ್ಣ ಪಕ್ಕದ ಮಾತು. ಅಫ್ಘಾನಿಸ್ತಾನಕ್ಕೆ ರಷ್ಯಾ ನುಗ್ಗಿದ್ದಕ್ಕೆ ಕಾರ್ಟರ್ ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕಾರ ಮಾಡಿಸಿದ್ರಲ್ಲ, ಆವಾಗ ಹಾಕಿಯಲ್ಲಿ ಎಷ್ಟೋ ದೊಡ್ಡ ಟೀಮುಗಳು ಬರ್ಲಿಲ್ಲ, ಇಂಡಿಯಾಗೆ ಚಿನ್ನ ಬಂತು, ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಆ ಟೀಮಲ್ಲಿದ್ರು. ಆ ಬಹಿಷ್ಕಾರದಿಂದ ನಮಗಾದ ಲಾಭ ಅಂದ್ರೆ ಅದೊಂದೇ. ಅಯೋವಾ ರೈತರಿಗೆ ರಷ್ಯಾಗೆ ಧಾನ್ಯ ಮಾರಬೇಡಿ ಅಂದಿದ್ದು ಅವರಿಗೇ ಮುಳುವಾಯ್ತು. ಇನ್ನೊಂದು ಕಡೆ ಈಜಿಪ್ಟ್ ಇಸ್ರೇಲ್ ಇಬ್ರನ್ನೂ ಹದಿಮೂರು ದಿನ ಕೂರಿಸಿ ಮಾಡಿಸಿದ ಒಪ್ಪಂದ ಇವತ್ತಿಗೂ ಮುರಿದಿಲ್ಲ, ಅದನ್ನ ಊಟದ ಕ್ಯೂನಲ್ಲಿ ಯಾರೂ ನೆನೆಸ್ಕೊಳ್ಳಲ್ಲ.

ಈಗ ನಮ್ಮ ದಿನಗಳಿಗೆ ಬರ್ತೀನಿ, ಇಲ್ಲಾಂದ್ರೆ ಅಜ್ಜನ ಪುರಾಣ ಅಂತ ಅಂದ್ಕೊಂಡು ಬಿಡ್ತೀರ.

2025ರ ಸೆಪ್ಟೆಂಬರ್ 19ರ ರಾತ್ರಿ ನೆನಪಿದೆಯಲ್ಲ? ಹೊಸ ಎಚ್-1ಬಿ ಕೆಲಸದ ವೀಸಾಗೆ ಒಂದು ಲಕ್ಷ ಡಾಲರ್ ಫೀ ಅಂತ ಟ್ರಂಪ್ ಸಹಿ ಬಿತ್ತು, ಯಾರಿಗೆ ಅನ್ವಯ ಯಾರಿಗಿಲ್ಲ ಅಂತ ಒಂದಿಡೀ ದಿನ ಯಾರಿಗೂ ಗೊತ್ತಿಲ್ಲ. ನಮ್ಮ ನೆಂಟರ ಹುಡುಗ ದಸರಾಗೆ ಅಂತ ಊರಿಗೆ ಹೋಗಿದ್ದೋನು, ಬೊಂಬೆ ಇನ್ನೂ ಪೆಟ್ಟಿಗೆಯಿಂದ ಇಳಿಸಿರ್ಲಿಲ್ಲ, ಮಹಾಲಯ ಅಮಾವಾಸ್ಯೆ ಅಂತಾನೂ ನೋಡ್ದೆ ಸಿಕ್ಕಿದ ರೇಟಿಗೆ ಟಿಕೆಟ್ ತಗೊಂಡು ದೇವನಹಳ್ಳಿ ಏರ್‌ಪೋರ್ಟಿಗೆ ಓಡಿದ. ಅವನು ಇಳಿಯೋ ಹೊತ್ತಿಗೆ ಹಳಬರಿಗೆ ಇಲ್ಲ, ಹೊಸ ಅರ್ಜಿಗೆ ಮಾತ್ರ ಅಂತ ತಿದ್ದಿ ಹೇಳಿದ್ರು. ಅದಕ್ಕೂ ಮುಂಚೆ ಆಗಸ್ಟ್‌ನಲ್ಲಿ ಇಂಡಿಯಾದ ಮಾಲಿನ ಮೇಲೆ 25, ಆಮೇಲೆ ರಷ್ಯಾ ಎಣ್ಣೆ ತಗೋತೀರ ಅಂತ ಇನ್ನೊಂದು 25, ಒಟ್ಟು 50 ಪರ್ಸೆಂಟ್ ಸುಂಕ ಹಾಕಿದ್ರು. ಓಕ್ ಟ್ರೀ ರೋಡಲ್ಲಿ ನಾನು ಮೂವತ್ತು ವರ್ಷದಿಂದ ಸಾಮಾನು ತರೋ ಅಂಗಡಿಯವರು ಒಂದು ಬಿಲ್ ತೋರಿಸಿದ್ರು, ಬಂದರಲ್ಲಿ ಕಂಟೇನರ್ ಬಿಡಿಸ್ಕೊಳ್ಳೋಕೆ ಕಟ್ಟಿದ ಸುಂಕದ ರಸೀದಿ. ಅದರಲ್ಲಿ ಕಟ್ಟಿದವರ ಹೆಸರು ಇಂಡಿಯಾ ಅಂತ ಇರ್ಲಿಲ್ಲ, ಚೀನಾ ಅಂತಾನೂ ಇರ್ಲಿಲ್ಲ, ಎಡಿಸನ್, ನ್ಯೂಜೆರ್ಸಿ ಅಂತ ಇತ್ತು. ಬೇರೆ ದೇಶ ಕೊಡುತ್ತೆ, ನಿಮಗೆ ಏನೂ ಆಗಲ್ಲ ಅಂತ ಹೇಳಿದ ಅದೇ ಸರ್ಕಾರ ಆ ವರ್ಷದ ನವೆಂಬರ್ 14ಕ್ಕೆ ಕಾಫಿ, ಟೀ, ಬಾಳೆಹಣ್ಣು, ಮಸಾಲೆ, ದನದ ಮಾಂಸ ಇವುಗಳ ಮೇಲಿನ ಹೊಸ ಸುಂಕ ಎತ್ತಿಬಿಟ್ರು, ಬೆಲೆ ಜಾಸ್ತಿ ಆಯ್ತು ಅಂತ ಜನ ಗೊಣಗಿದ್ಮೇಲೆ. ಇಲ್ಲಿ ಬೆಲೆ ಏರದೇ ಇದ್ದಿದ್ರೆ ಎತ್ತೋದು ಯಾಕೆ ಅಂತ ನಾನು ಕೇಳ್ಬಾರ್ದಾ?

ಇನ್ನೊಂದು ತಮಾಷೆ ಹೇಳ್ತೀನಿ. ಅದೇ 2025ರ ಏಪ್ರಿಲ್ ಕೊನೇಲಿ ಟ್ರಂಪ್ ಅವರೇ ಒಂದು ಮಾತು ಹೇಳಿದ್ರು, ಮಕ್ಕಳಿಗೆ ಮೂವತ್ತು ಗೊಂಬೆ ಬದಲು ಎರಡು ಗೊಂಬೆ ಆಗ್ಬಹುದು, ಅವೂ ಸ್ವಲ್ಪ ದುಬಾರಿ ಆಗ್ಬಹುದು ಅಂತ. ಅರೆ, ಇದು ನಮ್ಮ ಕಾರ್ಟರ್ ಮಾತೇ ಅಲ್ವಾ ಅಂತ ಕುರ್ಚಿಯಿಂದ ಎದ್ದು ಕೂತೆ! ಕಮ್ಮಿಯಲ್ಲಿ ಬದುಕಿ ಅಂತ. ಒಂದೇ ವ್ಯತ್ಯಾಸ, ಕಾರ್ಟರ್ 1977ರ ಫೆಬ್ರವರಿ ಚಳಿಯಲ್ಲಿ ಹಗಲು 65 ಡಿಗ್ರಿ ಫ್ಯಾರನ್‌ಹೀಟ್, ರಾತ್ರಿ 55 ಡಿಗ್ರಿಗೆ ಹೀಟರ್ ಇಳಿಸಿ ಅನ್ನೋವಾಗ ತಾವು ಸ್ವೆಟರ್ ಹಾಕ್ಕೊಂಡು ಕೂತಿದ್ರು. ಆಮೇಲೆ ವೈಟ್‌ಹೌಸ್ ತಾರಸಿ ಮೇಲೆ 32 ಸೋಲಾರ್ ಪ್ಯಾನಲ್ ಹಾಕ್ಸಿ ನೀರು ಕಾಯಿಸಿದ್ರು, 1986ರಲ್ಲಿ ಮಾಡು ರಿಪೇರಿ ಅಂತ ಅದನ್ನ ಇಳಿಸಿದವರು ಮತ್ತೆ ಏರಿಸ್ಲಿಲ್ಲ.

ಫೆಡ್ ಮೇಲಿನ ಜಗಳನೂ ನೋಡಿದೀರಿ, 2025ರಲ್ಲಿ ಬಡ್ಡಿ ಇಳಿಸು ಅಂತ ಆಗಿನ ಫೆಡ್ ಮುಖ್ಯಸ್ಥ ಪವೆಲ್ ಅವರನ್ನ ಟ್ರಂಪ್ ದಿನಾ ಬೈತಿದ್ರು. ಹಾಗಂತ ಇದು ಒಂದು ಪಾರ್ಟಿ ಮಾತಲ್ಲ, ದಯವಿಟ್ಟು ನನ್ನನ್ನ ಆ ಗುಂಪು ಈ ಗುಂಪು ಅಂತ ಹಾಕ್ಬೇಡಿ. ಬೈಡನ್ ಕಾಲದಲ್ಲಿ 2021ರಲ್ಲಿ ಬೆಲೆ ಏರಿಕೆ ತಾತ್ಕಾಲಿಕ ಅಂತ ಸಮಾಧಾನ ಹೇಳ್ತಾ ಹೇಳ್ತಾ 2022ರ ಜೂನ್ ಹೊತ್ತಿಗೆ ಅದು 9.1 ಪರ್ಸೆಂಟ್ ಆಗಿತ್ತು. ಅವರೂ ಬಿಲ್ ತೋರಿಸ್ಲಿಲ್ಲ. ಯಾಕೆ ತೋರಿಸ್ತಾರೆ? 1980ರಲ್ಲಿ ಬಿಲ್ ತೋರಿಸಿದವನಿಗೆ ನಾವು 49 ಎಲೆಕ್ಟೋರಲ್ ವೋಟು ಕೊಟ್ವಿ, ನಾಲ್ಕು ವರ್ಷದ ಹಿಂದಿಗಿಂತ ಈಗ ಚೆನ್ನಾಗಿದೀರಾ ಅಂತ ಕೇಳಿದ ರೇಗನ್‌ಗೆ 489. ಆ ಪಾಠ ಎರಡೂ ಪಾರ್ಟಿಯವರು ಚೆನ್ನಾಗಿ ಕಲ್ತಿದಾರೆ, ಕಲಿಸಿದ್ದು ನನ್ನಂಥೋರು.

ಹಾಗಾಗಿ ಕ್ಯೂನಲ್ಲಿ ಸಿಕ್ಕಿದ ಆ ಹುಡುಗನಿಗೂ ನಿಮಗೂ ನಾನು ಕೇಳೋದು ಇಷ್ಟೇ, ಆ ಚುನಾವಣೆ ಹೊತ್ತಿಗೆ ಯಾರೇ ಕನ್ನಡ ಕೂಟದ ಸ್ಟೇಜಿಗೆ ಬಂದು ಶಾಲು ಹೊದಿಸ್ಕೊಂಡು ನಮಸ್ತೆ ಅಂದ್ರೂ, ಕೆಂಪು ಟೈ ಇರ್ಲಿ ನೀಲಿ ಟೈ ಇರ್ಲಿ, ಗಟ್ಟಿ ಇದೀರಾ ಅಂತ ಕೇಳ್ಬೇಡಿ. ಇದಕ್ಕೆ ದುಡ್ಡು ಯಾರು ಕೊಡ್ತಾರೆ ಸ್ವಾಮಿ ಅಂತ ಕೇಳಿ. ಚೀನಾ, ಇಂಡಿಯಾ, ಸಾಹುಕಾರರು, ಇಮಿಗ್ರೆಂಟುಗಳು, ಹೀಗೆ ಬೇರೆ ಯಾರದ್ದೋ ಹೆಸರು ಬಂದ್ರೆ ಸ್ವಲ್ಪ ಹುಷಾರಾಗಿ. ನಿಮ್ಮ ಹೆಸರನ್ನೇ ಹೇಳಿದ್ರೆ ಪೂರ್ತಿ ಕೇಳಿಸ್ಕೊಳಿ, ನಾನು ಕೇಳಿಸ್ಕೊಳ್ಲಿಲ್ಲ.

ಕಾರ್ಟರ್ 2024ರ ಡಿಸೆಂಬರ್ 29ಕ್ಕೆ ತೀರಿಕೊಂಡ್ರು, ನೂರು ವರ್ಷ ತುಂಬಿತ್ತು. ಜನವರಿ 9ಕ್ಕೆ ವಾಷಿಂಗ್ಟನ್ನಿನ ಕೆಥೆಡ್ರಲ್‌ನಿಂದ ಅಂತ್ಯಕ್ರಿಯೆ ಟೀವಿಯಲ್ಲಿ ಬರ್ತಿತ್ತು, ಎಲ್ಲಾ ಮಾಜಿ ಅಧ್ಯಕ್ಷರು ಸಾಲಾಗಿ ಕೂತಿದ್ರು. ಹೊರಗೆ ಕೊರೆಯೋ ಚಳಿ. ನಾನು ಏನೋ ಅನ್ನಿಸಿ ಎದ್ದು ಥರ್ಮೋಸ್ಟಾಟ್ 65ಕ್ಕೆ ಇಳಿಸಿದೆ. ನನ್ನ ಹೆಂಡತಿ ಶಾಲು ಸುತ್ಕೊಂಡು ನನ್ನನ್ನೇ ನೋಡ್ತಿದ್ಲು. "ಎಂಬತ್ತರಲ್ಲಿ ನಾನು ಇವರಿಗೇ ವೋಟು ಹಾಕಿದ್ದು" ಅಂದ್ಲು. ಇಬ್ರೂ ಒಂದೇ ದಿನ, ಒಂದೇ ಸ್ಕೂಲಿನ ಬೂತಿಗೆ, ಅದೇ ಡಾಡ್ಜ್ ಡಾರ್ಟಲ್ಲಿ ಹೋಗಿ ಹಾಕಿ ಬಂದಿದ್ವಿ, ದಾರಿಯುದ್ದಕ್ಕೂ ನಾನು ರೇಗನ್ ಬಗ್ಗೆ ಭಾಷಣ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ನಲವತ್ನಾಲ್ಕು ವರ್ಷ ಆಯ್ತಲ್ಲೇ, ಒಂದಿನಾನೂ ಹೇಳ್ಲಿಲ್ವಲ್ಲ ಅಂದೆ.

"ನೀವು ಕೇಳ್ಲಿಲ್ವಲ್ರೀ" ಅಂದು ಲೋಟ ಎತ್ಕೊಂಡು ಒಳಗೆ ಹೋದ್ಲು.

ಇಂತಿ,
ಎಡಿಸನ್‌ನ ಒಬ್ಬ ರಿಟೈರ್ಡ್ ಇಂಜಿನಿಯರ್, ಮೂಲ ತಿಪಟೂರು